ಹಳೇ ಕಾರಿನ ಹುಚ್ಚು ಮಕ್ಕಳಿಗೂ ಹತ್ತುತ್ತಾ?

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಮ್ಮ ಫಿಯೆಟ್ ನಿಲ್ಲಿಸಿದರೆ ಯಾರಾದರೂ ಹತ್ತಿರ ಬಂದೇ ಬರುತ್ತಾರೆ. ಮೊದಲು ‘ಮೈಲೇಜ್ ಎಷ್ಟು ಕೊಡುತ್ತೆ?’, ಆಮೇಲೆ ‘ಮಾರ್ತೀರಾ?’. ಕೊನೆಗೆ ಇದು: ‘ಅಲ್ಲ ಸಾರ್, ನಿಮ್ಮ ನಂತರ ಇದನ್ನ ಯಾರು ನೋಡ್ಕೋತಾರೆ? ಈಗಿನ ಮಕ್ಕಳಿಗೆ ಇದೆಲ್ಲ ಬೇಕಾ?’

ಬೇಕು. ಆದರೆ ಮುಟ್ಟಲು ಬಿಡಬೇಕು.

ನಮ್ಮದು ಫಿಯೆಟ್ 1100 ಡಿಲೈಟ್, ಅಪ್ಪ ಕೊಂಡಿದ್ದು. ಇದೇ ಕಾರಿಗೆ ಮುಂದೆ ಪ್ರೀಮಿಯರ್ ಪದ್ಮಿನಿ ಅಂತ ಹೆಸರು ಬಂತು. ಎಂಜಿನ್ 1089 ಸಿಸಿ, ಗೇರು ಸ್ಟಿಯರಿಂಗ್ ಪಕ್ಕದಲ್ಲಿ. ಇಂಥ ಕಾರಿಟ್ಟುಕೊಂಡ ಕೆಲವರು ದಿನವೂ ಒರೆಸಿ ಕವರ್ ಹಾಕುತ್ತಾರೆ, ಮಕ್ಕಳು ಹತ್ತಿರ ಬಂದರೆ ಗದರುತ್ತಾರೆ. ಆಮೇಲೆ ‘ಮಗನಿಗೆ ಇಂಟ್ರೆಸ್ಟೇ ಇಲ್ಲ’ ಅಂತ ಕೊರಗುತ್ತಾರೆ. ಹೇಗೆ ಬರಬೇಕು ಹೇಳಿ?

ಹೊಸ ಕಾರಿನ ಬಾನೆಟ್ ಎತ್ತಿದರೆ ಬರೀ ಪ್ಲಾಸ್ಟಿಕ್ ಮುಚ್ಚಳ. ಫಿಯೆಟ್‌ನಲ್ಲಿ ಹಾಗಲ್ಲ, ಎಲ್ಲವೂ ಕಣ್ಣೆದುರಿಗೇ ಇದೆ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ತೆಗೆದು, ಇಗ್ನಿಷನ್ ಆಫ್ ಇಟ್ಟು, ಮಕ್ಕಳ ಕೈಗೆ ಫೀಲರ್ ಗೇಜ್, ಅಂದರೆ ಸಂದಿ ಅಳೆಯುವ ತೆಳು ಪಟ್ಟಿ, ಕೊಡಿ. ಒಳಗೆ ಕೂಡಿ ಬಿಡುವ ಎರಡು ಲೋಹದ ಪಾಯಿಂಟ್ ನಡುವಿನ ಸಂದಿ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಪಾಯಿಂಟ್ ಬಿಟ್ಟುಕೊಂಡ ಕೂಡಲೇ ವೋಲ್ಟೇಜ್ ಏರಿಸುವ ಕಾಯಿಲ್‌ಗೆ ಹೋಗುವ ಕರೆಂಟ್ ನಿಲ್ಲುತ್ತದೆ, ಅಷ್ಟಕ್ಕೇ ಸಾವಿರಾರು ವೋಲ್ಟ್ ಎದ್ದು ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ತಾನೇ ಸಂದಿ ಹೊಂದಿಸಿದ ಮೇಲೆ ಎಂಜಿನ್ ಸ್ಟಾರ್ಟ್ ಆದರೆ ಆ ಮಗುವಿನ ಮುಖ ನೋಡಬೇಕು. ಇಸವಿ, ಕಂಪನಿ, ಮಾಡೆಲ್ ಅಂತ ಪಾಠ ಶುರು ಮಾಡಿದರೋ, ಐದು ನಿಮಿಷದಲ್ಲಿ ಮೊಬೈಲ್ ಕೈಗೆ ಬರುತ್ತದೆ.

ಶ್ರೀರಂಗಪಟ್ಟಣದ ಹತ್ತಿರ ‘ಪಯಣ’ ಅಂತ ಹಳೇ ಕಾರುಗಳ ಮ್ಯೂಸಿಯಂ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಚೆನ್ನಾಗಿದೆ. ಆದರೆ ಅಲ್ಲಿ ಕೈ ಕಟ್ಟಿಕೊಂಡು ನೋಡಬೇಕು.

ನನ್ನ ತಂಗಿಯ ಮಗಳಿಗೆ ಈ ಹುಚ್ಚು ಹತ್ತಿದ್ದು ದೇವರಾಯನದುರ್ಗದ ಏರಿನಲ್ಲಿ. ಬೇಸಿಗೆಯಲ್ಲಿ ಎರಡನೇ ಗೇರಲ್ಲಿ ಹತ್ತುತ್ತಿದ್ದಾಗ ಕಾರು ಕೆಮ್ಮಿ ನಿಂತಿತು. ಬಿಸಿಗೆ ಪೆಟ್ರೋಲ್ ಲೈನಿನಲ್ಲೇ ಆವಿಯಾಗಿಬಿಟ್ಟರೆ ಪಂಪ್ ಎಳೆಯಲಾರದು. ಒದ್ದೆ ಬಟ್ಟೆ ಪಂಪಿನ ಮೇಲೆ ಹಾಕಿ ಕಾಯಬೇಕು, ಅಷ್ಟೇ. ನೀರು ಹನಿಸುವ ಕೆಲಸ ಅವಳದು. ಕಾರು ಮತ್ತೆ ಹೊರಟಾಗ ‘ಮಾಮ, ನಾನೇ ಸರಿ ಮಾಡಿದ್ದು ಅಲ್ವಾ?’ ಅಂದಳು. ಹೌದು ಅಂದೆ.

ಇದೇ ಕಾರಣಕ್ಕೆ ನಾನು ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸಿಲ್ಲ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ಅದು ಸಿಗುತ್ತದೆ. ಆದರೆ ಆಮೇಲೆ ಮಾಮೂಲಿ ಓಡಾಟಕ್ಕೆ ತೆಗೆಯುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಇಂಥವಕ್ಕೆ ಮಾತ್ರ. ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲು ಹೋಗಲಾಗದ ಕಾರನ್ನು ಯಾವ ಮಗು ಇಷ್ಟಪಡುತ್ತದೆ? ಐದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂ ಮಾಡಿಸುವ ಅಲೆದಾಟವೇ ವಾಸಿ.

ನನ್ನ ಸ್ವಂತ ಮಗನಿಗೆ? ಇದರ ಗೊಡವೆಯೇ ಬೇಡ, ಅವನದು ಎಲೆಕ್ಟ್ರಿಕ್ ಸ್ಕೂಟರ್. ನಾನೂ ಒತ್ತಾಯ ಮಾಡಿಲ್ಲ. ಮನೆ, ಹೊಲದ ಹಾಗೆ ಇದೂ ಮಗನಿಗೇ ಹೋಗಬೇಕು ಅಂತ ಎಲ್ಲಿದೆ?

ನನಗೆ ನಿಜವಾದ ಚಿಂತೆ ಬೇರೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರನ್ನು ಬರೀ ಸದ್ದು ಕೇಳಿಯೇ ಟ್ಯೂನ್ ಮಾಡುವ ಮೆಕ್ಯಾನಿಕ್‌ಗಳಿಗೆ ವಯಸ್ಸಾಗುತ್ತಿದೆ. ಅದಕ್ಕೇ ಗ್ಯಾರೇಜಿಗೆ ಹೋಗುವಾಗ ತಂಗಿಯ ಮಗಳೂ ಜೊತೆಗೆ ಬರುತ್ತಾಳೆ, ನೋಟ್‌ಬುಕ್ ಹಿಡಿದು. ಯಾವ ಗಾಡಿಯ ಯಾವ ಪಾರ್ಟ್ ಇದಕ್ಕೆ ಕೂರುತ್ತದೆ, ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ಹೋಸ್ ಹಾಳಾಗದಂತೆ ಯಾವುದನ್ನು ಬದಲಿಸಬೇಕು, ಎಲ್ಲ ಕೇಳಿ ಬರೆದುಕೊಳ್ಳುತ್ತಾಳೆ. ಗ್ರೀಸ್ ಕಲೆ ಜಾಸ್ತಿ, ಅಕ್ಷರ ಅಷ್ಟಕ್ಕಷ್ಟೇ. ಮೊನ್ನೆ ಮೆಕ್ಯಾನಿಕ್ಕೇ ಒಂದು ಅಳತೆ ಮರೆತು ಅವಳನ್ನು ಕೇಳಿದರು.