ಹೈದರಾಬಾದಿನ ಹಳೇ ಪೇಟೆಯಲ್ಲಿ ಮದುವೆಯ ಖರೀದಿ

ತಂಗಿಯ ಮದುವೆ ಗೊತ್ತಾದ ವಾರವೇ ಮನೆಯಲ್ಲಿ ಹೈದರಾಬಾದಿನ ಮಾತು ಬಂತು. ಕಲಬುರಗಿ, ಬೀದರ, ರಾಯಚೂರಿನ ಕಡೆಯವರಿಗೆ ಇದು ಹೊಸತೇನಲ್ಲ. 1956ರವರೆಗೆ ಈ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ನಮ್ಮ ಮನೆಯ ಹಿರಿಯರಿಗೆ ಇಂದಿಗೂ ದೊಡ್ಡ ಖರೀದಿಯೆಂದರೆ ಚಾರ್‌ಮಿನಾರಿನ ಸುತ್ತಲಿನ ಪೇಟೆಯೇ ಹೊರತು ಬೆಂಗಳೂರಲ್ಲ. ಆ ಪೇಟೆಗೆ ನಾನು ಎರಡು ಸಲ ಮದುವೆಯ ಖರೀದಿಗೆಂದು ಹೋಗಿದ್ದೇನೆ. ಮೊದಲ ಸಲ ಅತ್ತೆಯೊಬ್ಬರ ಜೊತೆ, ಪರಿಚಯದವರು ಯಾರೂ ಇಲ್ಲದೆ. ಈ ಸಲ ಚಾರ್‌ಮಿನಾರಿನ ಹತ್ತಿರದ ಶಾಲಿಬಂಡಾದಲ್ಲೇ ಹುಟ್ಟಿ ಬೆಳೆದ ಕಾಲೇಜಿನ ಗೆಳತಿ ಮತ್ತು ಆಕೆಯ ತಾಯಿಯ ಜೊತೆ. ಎರಡು ಪ್ರಯಾಣಗಳ ನಡುವೆ ನಾನು ಕಂಡ ಅಂತರ ಅದೇ ದಾರಿ ಹಿಡಿಯುವವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ಆದದ್ದನ್ನು ಮುಚ್ಚಿಡುವುದಿಲ್ಲ. ರೈಲು ನಿಲ್ದಾಣದ ಹೊರಗೆ ಹತ್ತಿದ ಆಟೊದ ಚಾಲಕ, ಕೇಳದಿದ್ದರೂ, ನಮ್ಮನ್ನು ಒಂದು ಮುತ್ತಿನ ಅಂಗಡಿಯ ಮುಂದೆ ಇಳಿಸಿದ. ಅಂಗಡಿಯವರು ಹೇಳಿದ ಬೆಲೆಯ ಅರ್ಧಕ್ಕೆ ಒಂದು ಎಳೆ ಸರ ಸಿಕ್ಕಿತೆಂದು ಅತ್ತೆ ಸಂತೋಷಪಟ್ಟರು. ಊರಿಗೆ ಬಂದ ಮೇಲೆ ನಮ್ಮ ಅಕ್ಕಸಾಲಿಗರು ಎರಡು ಮಣಿಗಳನ್ನು ಪರಸ್ಪರ ಉಜ್ಜಿ ನೋಡಿ, ಅದು ಬಣ್ಣ ಲೇಪಿಸಿದ ಗಾಜು ಎಂದರು. ನಿಜವಾದ ಮುತ್ತನ್ನು ಹಲ್ಲಿನ ಅಂಚಿಗೆ ಮೆಲ್ಲಗೆ ಉಜ್ಜಿದರೆ ಸಣ್ಣ ಮರಳಿನಂತೆ ಒರಟು ತಾಗುತ್ತದೆ, ಗಾಜು ಜಾರುತ್ತದೆ. ಒಳ್ಳೆಯ ಅಂಗಡಿಯವರು ಈ ಪರೀಕ್ಷೆಗೆ ಬೇಸರಿಸುವುದಿಲ್ಲ. ಇಂದು ಹೈದರಾಬಾದಿನಲ್ಲಿ ಮಾರಾಟವಾಗುವ ಮುತ್ತುಗಳಲ್ಲಿ ಬಹುಪಾಲು ಚೀನಾದಿಂದ ಬರುವ ಸಿಹಿನೀರಿನ ಕೃಷಿ ಮುತ್ತುಗಳು ಎಂಬುದನ್ನೂ ತಿಳಿದಿರಬೇಕು. ನಿಜಾಮರ ಕಾಲದ ಹೆಸರು ಕೇಳಿಸಿ ಹೆಚ್ಚು ಬೆಲೆ ಹೇಳಿದರೆ ಒಪ್ಪಬೇಕಾಗಿಲ್ಲ.

ಕಲಬುರಗಿಯಿಂದ ವಾಡಿ, ತಾಂಡೂರು, ವಿಕಾರಾಬಾದ್ ಮಾರ್ಗವಾಗಿ ರೈಲಿನಲ್ಲಿ ಹೋಗಬಹುದು. ಬಸ್ಸಿನಲ್ಲಿ ಹೋಗುವವರು ಮೂಸಿ ನದಿಯ ಪಕ್ಕದ ಮಹಾತ್ಮ ಗಾಂಧಿ ಬಸ್ ನಿಲ್ದಾಣದಲ್ಲಿ ಇಳಿಯುತ್ತಾರೆ. ಅಲ್ಲಿಂದ ಚಾರ್‌ಮಿನಾರ್ 2 ಕಿ.ಮೀ. ಆಸುಪಾಸಿನಲ್ಲಿದೆ. ಸಾಮಾನಿಲ್ಲದಿದ್ದರೆ ನಡೆದೇ ಹೋಗುವುದು ಒಳ್ಳೆಯದು, ಏಕೆಂದರೆ ನಯಾ ಪುಲ್ ದಾಟಿ, ಮದೀನಾ ಕಟ್ಟಡದ ಮುಂದೆ ಹಾದು, 1908ರ ಮೂಸಿ ಪ್ರವಾಹದ ನಂತರ ನಗರವನ್ನು ಮತ್ತೆ ಕಟ್ಟುವಾಗ ಎದ್ದ ಪತ್ಥರ್‌ಗಟ್ಟಿಯ ಕಲ್ಲಿನ ಕಮಾನುಗಳ ಕೆಳಗೆ ಹೋಗುವಾಗಲೇ ಸೀರೆ, ಬಟ್ಟೆ, ಮುತ್ತಿನ ಅಂಗಡಿಗಳನ್ನು ಒಮ್ಮೆ ಕಣ್ಣಿನಲ್ಲಿ ಅಳೆದುಕೊಳ್ಳಬಹುದು. ಚಾರ್‌ಮಿನಾರಿನ ಸುತ್ತ ವಾಹನಗಳಿಗೆ ನಿರ್ಬಂಧವಿದೆ, ಆಟೊದವರು ಹೇಗೂ ಸ್ವಲ್ಪ ದೂರದಲ್ಲೇ ಇಳಿಸುತ್ತಾರೆ. ಶುಕ್ರವಾರ ಮಧ್ಯಾಹ್ನ ಮೆಕ್ಕಾ ಮಸೀದಿಯ ನಮಾಜಿಗೆ ಬರುವವರ ದಟ್ಟಣೆ ಇರುತ್ತದೆ. ಆ ಹೊತ್ತನ್ನು ಖರೀದಿಗೆ ಇಟ್ಟುಕೊಳ್ಳಬೇಡಿ. ರಂಜಾನ್ ತಿಂಗಳಲ್ಲಿ ಪೇಟೆ ರಾತ್ರಿಯಿಡೀ ಬೆಳಗುತ್ತದೆ, ನೋಡಲು ಅದರಷ್ಟು ಚೆಂದದ ಕಾಲ ಬೇರೊಂದಿಲ್ಲ; ಆದರೆ ಮದುವೆಯ ಪಟ್ಟಿ ಹಿಡಿದು ಬಂದವರಿಗೆ ಆ ಜನಜಂಗುಳಿಯಲ್ಲಿ ನಿಂತು ಆರಿಸಲು ಆಗುವುದಿಲ್ಲ.

ಹೊರಡುವ ಹಿಂದಿನ ರಾತ್ರಿ ಗೆಳತಿಯ ತಾಯಿ, ನಾನು ಖಾಲಾ ಎಂದು ಕರೆಯುವ ಹಿರಿಯರು, ನನ್ನ ಪಟ್ಟಿಯನ್ನು ಓದಿಸಿ ಕೇಳಿದರು. ಬಳೆ ಯಾರು ಯಾರಿಗೆ, ಯಾವ ಅಳತೆ, ಯಾವ ಬಣ್ಣದ ಸೀರೆಗೆ ಎಂದು ಒಂದೊಂದನ್ನೂ ವಿಚಾರಿಸಿದರು. ಮದುಮಗಳ ಹಸಿರು ಗಾಜಿನ ಬಳೆಯನ್ನು ಊರಿನ ಬಳೆಗಾರನೇ ಇಡಿಸಬೇಕೆಂಬುದು ನಮ್ಮ ಮನೆಯ ಪದ್ಧತಿಯಾದ್ದರಿಂದ, ಹೈದರಾಬಾದಿನಿಂದ ತರಬೇಕಾದದ್ದು ಆರತಕ್ಷತೆಗೆ ಮತ್ತು ಆಹೇರಿಗೆ ಬೇಕಾದ ಹರಳಿನ ಅರಗಿನ ಬಳೆಗಳು ಮಾತ್ರ. ಅಳತೆಯ ವಿಷಯದಲ್ಲಿ ಒಂದು ಮಾತು: ಬಳೆಯ ಮೇಲೆ 2.4 ಎಂದಿದ್ದರೆ ಅದು ಎರಡು ಇಂಚು ಮತ್ತು ಹದಿನಾರರಲ್ಲಿ ನಾಲ್ಕು ಭಾಗ, ಅಂದರೆ ಎರಡೂಕಾಲು ಇಂಚಿನ ಒಳವ್ಯಾಸ, 2.8 ಎಂದರೆ ಎರಡೂವರೆ. ಇದನ್ನು ದಶಮಾಂಶವೆಂದು ತಿಳಿದು ಪಟ್ಟಿಯ ಮೇಲೆ ಮನೆಯ ಅಳತೆಪಟ್ಟಿಯ ಲೆಕ್ಕ ಬರೆದುಕೊಂಡು ಹೋದರೆ ಎಲ್ಲ ತಪ್ಪುತ್ತದೆ. ಪ್ರತಿಯೊಬ್ಬರ ಕೈಗೆ ಸರಿಯಾಗಿ ಕೂರುವ ಹಳೆಯ ಬಳೆಯೊಂದನ್ನು ಹೆಸರು ಬರೆದು ಜೊತೆಗೆ ಒಯ್ಯುವುದೇ ಉತ್ತಮ.

ಲಾಡ್ ಬಜಾರ್ ಚಾರ್‌ಮಿನಾರಿನ ಪಶ್ಚಿಮಕ್ಕೆ ತೆರೆದುಕೊಳ್ಳುತ್ತದೆ. ಬೀದಿಯ ಎರಡೂ ಬದಿಗೆ ಬಳೆ, ಬಳೆ, ಮತ್ತೂ ಬಳೆ. ಹೊರಗಿನವರು ಮೊದಲ ನಾಲ್ಕಾರು ಅಂಗಡಿಗಳಲ್ಲೇ ಮನಸೋತು ನಿಲ್ಲುತ್ತಾರೆ. ಖಾಲಾ ಅವುಗಳನ್ನು ತಿರುಗಿಯೂ ನೋಡದೆ ಒಳಗೆ ನಡೆದು, ಅಡ್ಡಗಲ್ಲಿಯೊಂದರಲ್ಲಿ ಕೆಂಡದ ಸಿಗಡಿಯ ಮುಂದೆ ಕುಳಿತಿದ್ದ ಕುಶಲಕರ್ಮಿಯ ಬಳಿ ನಮ್ಮನ್ನು ಕೂರಿಸಿದರು. ಅವರು ಕೋಲಿಗೆ ಹತ್ತಿಸಿದ ಅರಗಿನ ಮುದ್ದೆಯನ್ನು ಇದ್ದಿಲ ಮೇಲೆ ಕಾಯಿಸಿ, ಮರದ ಹಲಗೆಯ ಮೇಲೆ ಹೊರಳಿಸಿ ಎಳೆದು, ಬಣ್ಣದ ಅರಗನ್ನು ಅದರ ಮೈಗೆ ಸವರಿ, ಕತ್ತರಿಸಿ, ತುದಿಗಳನ್ನು ಬೆಸೆದು ದುಂಡನೆಯ ಅಚ್ಚಿಗೆ ಏರಿಸಿದರು. ಬಳೆ ಬಿಸಿಯಾಗಿರುವಾಗಲೇ ಚಿಮುಟದ ತುದಿಯಲ್ಲಿ ಸಾಸಿವೆಗಿಂತ ತುಸು ದೊಡ್ಡ ಹರಳುಗಳನ್ನು ಒಂದೊಂದಾಗಿ ಎತ್ತಿ ಒತ್ತಿ ಕೂರಿಸುತ್ತಾರೆ. ತಣ್ಣಗಾದರೆ ಹರಳು ಹಿಡಿಯುವುದಿಲ್ಲ, ಅತಿಯಾಗಿ ಕಾದರೆ ಸಾಲು ವಕ್ರವಾಗುತ್ತದೆ. ಅವರ ಬೆರಳ ತುದಿಗಳು ದಪ್ಪಗಟ್ಟಿ ಹೊಳೆಯುತ್ತಿದ್ದವು. ಹೈದರಾಬಾದಿನ ಅರಗಿನ ಬಳೆಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಆ ಮಾನ್ಯತೆ ಯಾವ ಕೆಲಸಕ್ಕೆ ಸಿಕ್ಕಿತೆಂಬುದು ನನಗೆ ಆ ಸಿಗಡಿಯ ಮುಂದೆ ಅರ್ಥವಾಯಿತು. ಬಳೆ ಕೊಳ್ಳುವ ಮುನ್ನ ಯಾರಾದರೂ ಇದನ್ನು ಅರ್ಧ ಗಂಟೆ ನೋಡಬೇಕು, ಏಕೆಂದರೆ ಇದನ್ನು ನೋಡಿದ ಮೇಲೆ ಯಾವ ಬೆಲೆಯಿಂದ ಕೆಳಗೆ ಕೇಳಬಾರದೆಂಬುದು ತಾನಾಗಿಯೇ ತಿಳಿಯುತ್ತದೆ.

ಇನ್ನು ಚೌಕಾಶಿ. ಅಂಗಡಿಯಲ್ಲಿ ನನಗೆ ಇಷ್ಟವಾದ ಜೋಡಿಗೆ 1,200 ರೂಪಾಯಿ ಹೇಳಿದರು. ನಾನು ಬೆಲೆ ಕೇಳುವ ಹಂತಕ್ಕೂ ಹೋಗಬಾರದಿತ್ತೆಂದು ಗೆಳತಿ ಆಮೇಲೆ ತಿಳಿಸಿದಳು: ಬೇಕಾದ ವಸ್ತುವನ್ನು ಮೊದಲು ಕೈಗೆತ್ತಿಕೊಳ್ಳದೆ, ಬೇರೆ ಎರಡನ್ನು ನೋಡಿ, ಅವುಗಳ ಬೆಲೆ ಕೇಳಿ, ಅಂಗಡಿಯ ದರದ ಅಂದಾಜು ಸಿಕ್ಕ ಮೇಲೆ ಇದಕ್ಕೆ ಬರಬೇಕು. ಖಾಲಾ ಬೆಲೆಯನ್ನು ಒಪ್ಪಲೂ ಇಲ್ಲ, ಕೆಳಗೆ ಕೇಳಲೂ ಇಲ್ಲ. ಬಳೆಯನ್ನು ಬೆಳಕಿಗೆ ಹಿಡಿದು ಹರಳಿನ ಸಾಲಿನ ಮೇಲೆ ಉಗುರು ಹಾಯಿಸಿದರು. ಎರಡು ಹರಳು ಅಲುಗಿದವು. ಅವುಗಳನ್ನು ಅಂಗಡಿಯವರಿಗೆ ತೋರಿಸಿ ಸುಮ್ಮನೆ ಕುಳಿತರು. ಬೆಲೆ 1,000ಕ್ಕೆ ಬಂತು. ಒಟ್ಟು ಹನ್ನೆರಡು ಜೋಡಿ ಬೇಕು, ಎಲ್ಲವನ್ನೂ ಇಲ್ಲೇ ಕೊಳ್ಳುತ್ತೇವೆ ಎಂದು ಆಗ ಹೇಳಿದರು, ಮೊದಲಲ್ಲ. ಜೋಡಿಗೆ 750ರಂತೆ ಮಾತು ನಿಂತಿತು, ಸಡಿಲವಾದ ಹರಳುಗಳನ್ನು ಮತ್ತೆ ಕೂರಿಸಿಕೊಡುವ ಕರಾರಿನ ಮೇಲೆ. ಸ್ವರ ಏರಿಸಿದ್ದು, ಎದ್ದು ಹೊರಟಂತೆ ಮಾಡಿದ್ದು ಯಾವುದೂ ಇರಲಿಲ್ಲ. ಎಷ್ಟು ಬೇಕೆಂಬುದನ್ನು ಕೊನೆಗೆ ಹೇಳುವುದು ಮತ್ತು ದೋಷವನ್ನು ಬಾಯಿಂದ ಹೇಳದೆ ಕಣ್ಣಿಗೆ ತೋರಿಸುವುದು, ನಾನು ಆ ದಿನ ಕಲಿತದ್ದರಲ್ಲಿ ಹೆಚ್ಚು ಕೆಲಸಕ್ಕೆ ಬಂದವು ಇವೆರಡೇ.

ಅದೇ ಅಂಗಡಿಯಲ್ಲಿ ನನ್ನಿಂದ ಒಂದು ತಪ್ಪಾಯಿತು. ಮಾತು ಮುಗಿದು ಬಳೆಗಳನ್ನು ಕಟ್ಟುವಾಗ, ಇನ್ನೂ 50 ರೂಪಾಯಿ ಬಿಡಿ ಎಂದುಬಿಟ್ಟೆ. ಅಂಗಡಿಯವರು ಏನೂ ಹೇಳಲಿಲ್ಲ, ಖಾಲಾ ಅವರ ಮುಖ ಮಾತ್ರ ಬಾಡಿತು. ಹೊರಗೆ ಬಂದು ಇರಾನಿ ಚಹಾ ಕುಡಿಯುವಾಗ ಗೆಳತಿ ಬಿಡಿಸಿ ಹೇಳಿದಳು. ಆ ಅಂಗಡಿಗೂ ಅವರ ಮನೆಗೂ ಎರಡು ತಲೆಮಾರಿನ ವ್ಯವಹಾರ. ಆಕೆಯ ಮದುವೆಯ ಬಳೆಗಳೂ ಅಲ್ಲಿಯವೇ, ಹಣ ತಡವಾದಾಗ ಕಾದವರೂ ಅವರೇ. ಖಾಲಾ ಒಪ್ಪಿದ ಬೆಲೆಯೆಂದರೆ ಅದು ಅವರ ಮಾತು. ಅದರ ಮೇಲೆ ನಾನು ಮತ್ತೆ ಕೇಳಿದ್ದು ಅವರ ಮಾತಿನ ಮೇಲೆಯೇ ಕೇಳಿದಂತಾಯಿತು. ಮರುದಿನ ನಾನು ಆ ಅಂಗಡಿಗೆ ಹೋಗಿ ಕ್ಷಮೆ ಕೇಳಿದೆ. ಅವರು, ನೀವು ಗುಲ್ಬರ್ಗಾದವರಂತೆ, ಬಂದೇ ನವಾಜರ ಊರಿನವರು, ಬಿಡಿ ಎಂದು ತಂಗಿಗೆಂದು ಒಂದು ಜೊತೆ ಸಣ್ಣ ಬಳೆಯನ್ನು ಹಾಗೆಯೇ ಕೈಗಿಟ್ಟರು. ಸ್ಥಳೀಯ ಗೆಳೆಯರ ಜೊತೆ ಪೇಟೆಗೆ ಹೋಗುವವರಿಗೆ ನಾನು ಒತ್ತಿ ಹೇಳುವುದು ಇದನ್ನೇ: ಅವರು ಒಯ್ಯುವುದು ತಮ್ಮ ಪರಿಚಯದ ಅಂಗಡಿಗೋ, ಎಲ್ಲರಂತೆ ಹೊಕ್ಕು ಬರುವ ಅಂಗಡಿಗೋ ಎಂದು ಮೊದಲೇ ಕೇಳಿಕೊಳ್ಳಿ. ಪರಿಚಯದ ಅಂಗಡಿಯಲ್ಲಿ ಮಾತು ಅವರದಾಗಿರಲಿ; ಬೆಲೆ ಒಗ್ಗದಿದ್ದರೆ ಕೊಳ್ಳದೆ ಬನ್ನಿ, ಅವರಾಡಿದ ಮೇಲೆ ನೀವು ಆಡಬೇಡಿ. ಪಾದಚಾರಿ ದಾರಿಯಲ್ಲಿ ಬಟ್ಟೆ ಹಾಸಿ ಹೇರ್‌ಪಿನ್ನು, ಸುರ್ಮಾ ಮಾರುವವರ ಬಳಿ ಖಾಲಾ ಒಂದು ರೂಪಾಯಿಯನ್ನೂ ಕೆಳಗೆ ಕೇಳಲಿಲ್ಲ. ಬೆಳಗಿನ ಬೋಣಿಯ ಹೊತ್ತಿನಲ್ಲಿ ಬೆಲೆ ಸುಲಭವಾಗಿ ಇಳಿಯುತ್ತದೆಂಬ ಮಾತು ನಿಜ, ಆದರೆ ಬೋಣಿಗೆ ಬೆಲೆ ಕೇಳಿ ಕೊಳ್ಳದೆ ಹೋಗುವುದನ್ನು ಅಲ್ಲಿ ಯಾರೂ ಸಹಿಸುವುದಿಲ್ಲ.

ಭಾಂಡೆ ಸಾಮಾನಿಗೆ ಮೂಸಿಯ ಉತ್ತರಕ್ಕಿರುವ ಬೇಗಂ ಬಜಾರಿಗೆ ಹೋದೆವು. ಅದು ಸಗಟು ಪೇಟೆ; ಹಿತ್ತಾಳೆ, ತಾಮ್ರ ತೂಕಕ್ಕೆ ಸಿಗುತ್ತವೆ, ಆದ್ದರಿಂದ ಮಾತಾಡಬೇಕಾದದ್ದು ಕಿಲೋದ ದರ ಮತ್ತು ಮಜೂರಿಯನ್ನು ಕುರಿತು. ತಕ್ಕಡಿಯ ಮೇಲೆ ಪಾತ್ರೆ ಇಡುವ ಮುನ್ನ ಒಳಗಿನ ಕಾಗದ, ಹುಲ್ಲು ತೆಗೆಸಿ. ಡಜನ್ನಿನ ಲೆಕ್ಕದಲ್ಲಿ ಕೊಳ್ಳದವರಿಗೆ ಅಲ್ಲಿ ಹೆಚ್ಚಿನ ಲಾಭವಿಲ್ಲ. ಒಂದೆರಡು ಪಾತ್ರೆಗಾಗಿಯಾದರೆ ಹೋಗಬೇಕಾಗಿಲ್ಲ.

ಅರಗಿಗೆ ಬಿಸಿಲು ಆಗುವುದಿಲ್ಲ. ಬಳೆಗಳನ್ನು ಹತ್ತಿಯಲ್ಲಿ ಸುತ್ತಿ ಗಟ್ಟಿ ಡಬ್ಬಿಯಲ್ಲಿಟ್ಟು, ರೈಲಿನಲ್ಲಿ ಬಿಸಿಲು ಬೀಳದ ಬದಿಯ ಸೀಟಿನ ಕೆಳಗೆ ಇರಿಸಬೇಕು. ಕಾರಿನಲ್ಲಿ ಬರುವವರು ಗಾಜಿನ ಹತ್ತಿರ ಇಡಲೇಬಾರದು. ನಮ್ಮ ಹನ್ನೆರಡು ಜೋಡಿಗಳಲ್ಲಿ ಒಂದು ಬಳೆ ವಾಡಿಯಲ್ಲಿ ಡಬ್ಬಿ ಜಾರಿ ಬಿದ್ದಾಗ ಎರಡಾಯಿತು. ಗಾಜಿನಂತಲ್ಲ, ಕಾಯಿಸಿ ಬೆಸೆದರೆ ಮತ್ತೆ ಒಂದಾಗುತ್ತದೆಂದು ಖಾಲಾ ಫೋನಿನಲ್ಲಿ ಸಮಾಧಾನ ಹೇಳಿದರು. ತುಂಡುಗಳನ್ನು ಅದೇ ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೇನೆ. ಮದುವೆಯ ಆಮಂತ್ರಣ ಕೊಡಲು ಮುಂದಿನ ತಿಂಗಳು ಶಾಲಿಬಂಡಾಕ್ಕೆ ಹೋಗುವಾಗ ಅವನ್ನೂ ಒಯ್ಯುತ್ತೇನೆ.