ಕ್ರಿಸ್‌ಮಸ್ ಮುಗಿದ ಮೇಲಿನ ಭಾನುವಾರ

ಇಳಿವಯಸ್ಸಿನಲ್ಲಿ ಕ್ರೈಸ್ತ ಸಭೆಯ ಸೇವೆಗೆಂದು ಪರದೇಶಕ್ಕೆ ಹೊರಡುವ ಗಂಡಹೆಂಡಿರನ್ನು ಊರಿನವರು ಮೊದಲು ಕೇಳುವುದು ‘ಈ ವಯಸ್ಸಿನಲ್ಲಿ ಯಾಕೆ?’ ಎಂದು. ನಮಗೆ ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಎದುರಾಯಿತು. ‘ಜರ್ಮನಿಗೆ ಮಿಷನರಿಗಳೇ? ಅಜ್ಜನಿಗೆ ಕೆಮ್ಮು ಕಲಿಸಿಕೊಟ್ಟ ಹಾಗಾಯಿತು!’ ಎಂದು ಮಂಗಳೂರಿನ ನಮ್ಮ ಸಭೆಯ ಹಿರಿಯರೊಬ್ಬರು ನಕ್ಕರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. 1834ರಲ್ಲಿ ಬಾಸೆಲ್ ಮಿಷನ್ನಿನ ಮೊದಲ ತಂಡದಲ್ಲಿ ಮಂಗಳೂರಿಗೆ ಬಂದ ಸಾಮುವೇಲ್ ಹೆಬಿಕ್ ಉಲ್ಮ್ ಕಡೆಯವರು. ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್ ಬ್ರಾಕೆನ್‌ಹೈಮಿನವರು. ಮಲಯಾಳಕ್ಕೆ ನಿಘಂಟು ಕೊಟ್ಟ ಗುಂಡರ್ಟ್ ಸ್ಟುಟ್‌ಗಾರ್ಟಿನವರು. ಎಲ್ಲರೂ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರೇ. ಈಗ ಅದೇ ಸೀಮೆಯ ಒಂದು ಸಭೆ, ನಮ್ಮಲ್ಲಿಂದ ಒಂದು ಹಿರಿಯ ಜೋಡಿ ಬಂದು ತಮ್ಮ ಜೊತೆ ಇರಲಿ ಎಂದು ಕೇಳಿತ್ತು. ಯಜಮಾನರು ನಿವೃತ್ತ ಸಭಾಪಾಲಕರು, ನಾನು ನಿವೃತ್ತ ಕನ್ನಡ ಟೀಚರ್. ಮಕ್ಕಳ ಮದುವೆಯಾಗಿದೆ, ಮಂಡಿನೋವು ಇನ್ನೂ ಮಾತ್ರೆಗೆ ಬಗ್ಗುತ್ತದೆ. ಹೊರಟೆವು.

ನಮ್ಮ ಊರು ಸ್ಟುಟ್‌ಗಾರ್ಟಿನಿಂದ ಟ್ಯೂಬಿಂಗೆನ್‌ಗೆ ಹೋಗುವ ರೈಲಿನ ದಾರಿಯಲ್ಲಿ, ನೆಕರ್ ನದಿಯ ಮಗ್ಗುಲಲ್ಲಿದೆ. ಕೆಲಸವೆಂದರೆ ಏನು ಎಂದು ಮಗಳು ಫೋನಿನಲ್ಲಿ ಕೇಳಿದಾಗಲೆಲ್ಲ ನಾನು ‘ಕೂರುವುದು’ ಎನ್ನುತ್ತೇನೆ. ವೃದ್ಧಾಶ್ರಮದಲ್ಲಿ ಕೂರುವುದು, ಒಂಟಿಯಾಗಿರುವವರ ಅಡುಗೆಮನೆಯಲ್ಲಿ ಕೂರುವುದು, ಊರುಬಿಟ್ಟು ಬಂದ ಹೆಂಗಸರು ಜರ್ಮನ್ ಕಲಿಯಲು ಸೇರುವ ಸಭಾಭವನದಲ್ಲಿ ಅವರ ಮಕ್ಕಳನ್ನು ಆಡಿಸುತ್ತಾ ಕೂರುವುದು. ಯೌವನದಲ್ಲಿ ಮಿಷನರಿಗಳ ಚರಿತ್ರೆ ಓದಿ ನಾನು ಕಂಡ ಕನಸುಗಳಲ್ಲಿ ಕುದುರೆ, ದೋಣಿ, ಕಾಡುದಾರಿ ಎಲ್ಲವೂ ಇದ್ದವು. ಕುರ್ಚಿ ಮಾತ್ರ ಇರಲಿಲ್ಲ.

ಇಲ್ಲಿ ಕ್ರಿಸ್‌ಮಸ್ ಒಂದು ದಿನದ ಹಬ್ಬವಲ್ಲ. ನಾಲ್ಕು ಭಾನುವಾರ ಮೊದಲೇ ಆಗಮನ ಕಾಲ ಶುರುವಾಗುತ್ತದೆ. ಸೊಪ್ಪಿನ ಬಳೆಯ ಮೇಲೆ ವಾರಕ್ಕೊಂದರಂತೆ ನಾಲ್ಕು ಮೇಣದ ಬತ್ತಿಗಳನ್ನು ಹಚ್ಚುತ್ತಾ ಬರುತ್ತಾರೆ. 1839ರಲ್ಲಿ ಹ್ಯಾಂಬರ್ಗಿನ ವಿಚೆರ್ನ್ ಎಂಬ ಪಾದ್ರಿ ತನ್ನ ಆಶ್ರಮದ ಬಡಮಕ್ಕಳು ‘ಹಬ್ಬ ಯಾವಾಗ?’ ಎಂದು ಪೀಡಿಸುತ್ತಿದ್ದುದಕ್ಕೆ ಗಾಡಿಯ ಚಕ್ರದ ಮೇಲೆ ಬತ್ತಿ ನಿಲ್ಲಿಸಿ ದಿನ ಎಣಿಸಲು ಕಲಿಸಿದ್ದು ಈ ಪದ್ಧತಿಯ ಮೂಲ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗಿ ಮರುದಿನ ಎಂಟು ದಾಟುವವರೆಗೂ ಕತ್ತಲೆ. ಕಾದಿರುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ಸಂಜೆ ಏಳಕ್ಕೂ ಬೆವರು ಒರೆಸಿಕೊಳ್ಳುವ ನಮ್ಮ ಕರಾವಳಿಯಲ್ಲಿ ಆಗಮನ ಕಾಲವೆಂದರೆ ಕ್ಯಾರಲ್ ಹಾಡುಗಳ ತಾಲೀಮು, ಚಕ್ಕುಲಿ, ಬಟ್ಟೆ ಅಂಗಡಿ.

ನಮ್ಮ ಎದುರು ಮನೆಯವರು ಮೊದಲನೆಯ ಆಗಮನ ಭಾನುವಾರಕ್ಕೆ ಮುಳ್ಳುಮುಳ್ಳಾದ ಒಂದು ದೊಡ್ಡ ನಕ್ಷತ್ರ ತೂಗುಹಾಕಿದರು. ಹೆರ್ನ್‌ಹುಟ್ ನಕ್ಷತ್ರವಂತೆ. 25 ಮೊನೆಗಳನ್ನು ಒಂದೊಂದಾಗಿ ಜೋಡಿಸಬೇಕು. ಇದು ಹುಟ್ಟಿದ್ದು ಸುಮಾರು 200 ವರ್ಷಗಳ ಹಿಂದೆ, ಮೊರೇವಿಯನ್ ಎಂಬ ಪ್ರೊಟೆಸ್ಟೆಂಟ್ ಸಭೆಯ ಶಾಲೆಯಲ್ಲಿ, ರೇಖಾಗಣಿತದ ಪಾಠವಾಗಿ. ಆ ಸಭೆಯ ವಸತಿಶಾಲೆಗಳಲ್ಲಿ ದೂರದೇಶಕ್ಕೆ ಹೋದ ಮಿಷನರಿಗಳ ಮಕ್ಕಳೂ ಇದ್ದರು. ಅಪ್ಪಅಮ್ಮ ಕಡಲಾಚೆ, ಮಕ್ಕಳು ಆಗಮನ ಕಾಲ ಬಂತೆಂದರೆ ಕಾಗದದಲ್ಲಿ ನಕ್ಷತ್ರ ಕಟ್ಟುತ್ತಿದ್ದರು.

ಇದನ್ನು ಕೇಳಿದ ಮೇಲೆ ಆ ನಕ್ಷತ್ರವನ್ನು ನಾನು ಬರೀ ಅಲಂಕಾರವೆಂದು ನೋಡಲಾರೆ. ಗುಂಡರ್ಟರ ಮಗಳು ಮರಿಯಾಳ ನೆನಪಾಗುತ್ತದೆ. 1842ರಲ್ಲಿ ನಮ್ಮ ನೆರೆಯ ಕೇರಳದ ನೆಲದಲ್ಲಿ ಹುಟ್ಟಿದ ಆ ಹುಡುಗಿಯನ್ನು ನಾಲ್ಕು ವರ್ಷದವಳಿದ್ದಾಗ ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಮತ್ತೆ ಹಡಗು ಹತ್ತಿದರು. ಆ ಕಾಲದ ಮಿಷನರಿಗಳ ವಾಡಿಕೆಯೇ ಹಾಗಿತ್ತು. ದೊಡ್ಡವಳಾಗಿ ಆಕೆಯೂ ಮಿಷನ್ ಸೇವೆಗೇ ಬಂದಳು. ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿಯಾದಳು. ಆದರೂ ತಾನು ಸಂತೋಷದ ಮಗುವಾಗಿರಲಿಲ್ಲ ಎಂದು ಆಕೆ ಮುಂದೆ ಹೇಳಿಕೊಂಡದ್ದುಂಟು. ನಮಗೆ ಅಕ್ಷರ, ಅಚ್ಚುಕೂಟ, ಹೆಂಚು, ಶಾಲೆ ತಂದುಕೊಟ್ಟವರ ತ್ಯಾಗವನ್ನು ನಾವು ಶತಮಾನೋತ್ಸವಗಳಲ್ಲಿ ಹೊಗಳುತ್ತೇವೆ. ಆ ತ್ಯಾಗದ ಒಂದು ಪಾಲನ್ನು ತೆತ್ತವರು ನಾಲ್ಕು ವರ್ಷದ ಮಕ್ಕಳು, ಅದೂ ಯಾರೂ ಅವರ ಒಪ್ಪಿಗೆ ಕೇಳದೆ. ಇದನ್ನು ದೇವರ ಮುಂದೆ ಹೇಗೆ ತೂಗಬೇಕೋ ನನಗೆ ಇಂದಿಗೂ ಬಗೆಹರಿದಿಲ್ಲ. ನಮ್ಮ ಪಾಡು ಹಾಗಲ್ಲ. ನಾವು ಬಿಟ್ಟು ಬಂದಿರುವುದು ಸಂಸಾರಸ್ಥ ಮಕ್ಕಳನ್ನು. ನಾಲ್ಕೂವರೆ ಗಂಟೆಯ ಅಂತರ ಲೆಕ್ಕ ಹಾಕಿಕೊಂಡು ಮೊಮ್ಮಗ ವಿಡಿಯೊ ಕರೆಯಲ್ಲಿ ತನ್ನ ಹೊಸ ಅಂಗಿ ತೋರಿಸುತ್ತಾನೆ. ದೂರ ಹೋಗುವ ಸೇವೆಯನ್ನು ಮುದುಕರೇ ಮಾಡುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಡಿಸೆಂಬರ್ ಎರಡನೆಯ ವಾರ ಸಭೆಯ ಹೆಂಗಸರು ಸೇರಿ ಸ್ಪ್ರಿಂಗರ್ಲೆ ಎಂಬ ಬಿಸ್ಕತ್ತು ಮಾಡಿದರು. ಮೊಟ್ಟೆ, ಸಕ್ಕರೆ, ಮೈದಾ, ಸೋಂಪಿನ ಜಾತಿಯ ಒಂದು ಕಾಳು. ಹಿಟ್ಟನ್ನು ಲಟ್ಟಿಸಿ, ಚಿತ್ರ ಕೆತ್ತಿದ ಮರದ ಅಚ್ಚನ್ನು ಅದರ ಮೇಲೆ ಒತ್ತಬೇಕು. ನನ್ನ ಕೈಗೆ ಬಂದ ಅಚ್ಚಿನಲ್ಲಿ ಒಂದು ಹಕ್ಕಿಯಿತ್ತು. ರೆಕ್ಕೆಯ ಒಂದೊಂದು ಗರಿಯೂ ಹಿಟ್ಟಿನ ಮೇಲೆ ಮೂಡಿತು. ಆಮೇಲೆ ಒಲೆಗಿಡುವ ಹಾಗಿಲ್ಲ. ಒಂದು ರಾತ್ರಿ ಹಾಗೆಯೇ ಆರಲು ಬಿಡಬೇಕು. ಮೇಲ್ಭಾಗ ಒಣಗಿ ಗಟ್ಟಿಯಾದರೆ ಮಾತ್ರ ಬೇಯುವಾಗ ಚಿತ್ರ ಕೆಡದೆ ಬಿಳಿಯಾಗಿ ಉಳಿಯುತ್ತದೆ. ಅಡಿಯ ಹಸಿ ಹಿಟ್ಟು ಉಬ್ಬಿ ಬಿಸ್ಕತ್ತಿಗೆ ಒಂದು ಪುಟ್ಟ ಪೀಠ ಬರುತ್ತದೆ. ಆ ಪೀಠ ಏಳದಿದ್ದರೆ ಮಾಡಿದವಳ ಮಾನ ಹೋಯಿತು. ಪಕ್ಕದಲ್ಲಿದ್ದ ಎಂಬತ್ತರ ಮುದುಕಿ ತನ್ನ ತಟ್ಟೆಯ ಬಿಸ್ಕತ್ತುಗಳನ್ನು ಒಂದೊಂದಾಗಿ ಎತ್ತಿ ಅಡಿ ನೋಡಿ ಇಟ್ಟಳು. ನಮ್ಮತ್ತೆ ಚಕ್ಕುಲಿಯ ಮುಳ್ಳನ್ನು ಪರೀಕ್ಷಿಸುತ್ತಿದ್ದುದೂ ಇದೇ ಮುಖದಲ್ಲಿ. ಮರುದಿನ ನಾನೂ ಊರಿನಿಂದ ತಂದಿದ್ದ ಚಕ್ಕುಲಿ ಒರಳು ತೆಗೆದೆ. ಎಣ್ಣೆಯ ಹೊಗೆಗೆ ಚಾವಣಿಯ ಅಲಾರ್ಮ್ ಕಿರುಚಿಕೊಂಡಿತು, ಮೇಲಿನ ಮನೆಯ ಹುಡುಗ ಓಡಿಬಂದ, ಬಂದವನು ಆರು ಚಕ್ಕುಲಿ ತಿಂದು ಹೋದ.

ಡಿಸೆಂಬರ್ 24 ಇಲ್ಲಿ ಎಲ್ಲಕ್ಕಿಂತ ದೊಡ್ಡ ದಿನ. ಮಧ್ಯಾಹ್ನದ ಹೊತ್ತಿಗೆ ಅಂಗಡಿಗಳು ಬಾಗಿಲೆಳೆಯುತ್ತವೆ. ಇಲ್ಲಿಯ ಸಭಾಪಾಲಕರಿಗೆ ಆರಾಧನೆಯ ಮೇಲೆ ಆರಾಧನೆ. ಹಾಗಾಗಿ ವೃದ್ಧಾಶ್ರಮದ ಆರಾಧನೆ ನಮ್ಮ ಪಾಲಿಗೆ ಬಂತು. ಊಟದ ಕೋಣೆಯ ಮೂಲೆಯಲ್ಲಿ ಗೋದಲಿ ಮಾಡಿದ್ದರು. ಮರದ ಮೂರ್ತಿಗಳು, ಅಂಗೈಯಷ್ಟು ಉದ್ದದ ಮರದ ಮಗು. ಗಾಲಿಕುರ್ಚಿಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದಾಗ ತೊಂಬತ್ತು ದಾಟಿದ ಒಬ್ಬ ಅಜ್ಜಿ ಕೈಚಾಚಿ ಮಗುವನ್ನು ಎತ್ತಿಕೊಂಡರು. ಅವರಿಗೆ ತಮ್ಮ ಹೆಸರೂ ಕೆಲವು ದಿನ ನೆನಪಿರುವುದಿಲ್ಲ. ಮಗುವನ್ನು ತಿರುಗಿಸಿ ನೋಡಿದರು, ಮೈಮೇಲೆ ಬಟ್ಟೆಯಿಲ್ಲದ್ದನ್ನು ಕಂಡು ನಾಲಿಗೆ ಕಚ್ಚಿಕೊಂಡು ತಮ್ಮ ಉಣ್ಣೆಯ ಅಂಗಿಯ ಗುಂಡಿ ಬಿಚ್ಚಿ ಒಳಗಿಟ್ಟುಕೊಂಡರು. ಕೆಲಸದ ಹುಡುಗಿ ಮೆಲ್ಲನೆ ಹಿಂದಕ್ಕೆ ಪಡೆಯಲು ನೋಡಿದಳು. ಅಜ್ಜಿ ಗದರಿದರು. ಯಜಮಾನರು ‘ಇರಲಿ ಬಿಡಿ’ ಎಂದರು.

ಹಾಗೆ ಆ ವರ್ಷದ ಆರಾಧನೆ ಖಾಲಿ ಗೋದಲಿಯ ಮುಂದೆಯೇ ನಡೆಯಿತು. ರೋಮ್ ಚಕ್ರವರ್ತಿ ಔಗುಸ್ತನ ಆಜ್ಞೆ, ಬೆತ್ಲೆಹೇಮಿನ ಪ್ರಯಾಣ, ಛತ್ರದಲ್ಲಿ ಸ್ಥಳವಿಲ್ಲದ್ದು, ಎಲ್ಲವನ್ನೂ ಯಜಮಾನರು ಜರ್ಮನ್ನಿನಲ್ಲಿ ಓದಿದರು. ನಾನು ಒಂದೆರಡು ವಚನ ಕನ್ನಡದಲ್ಲಿ ಓದಿದೆ. ಆ ದಿನದ ಪಾಳಿಯಲ್ಲಿದ್ದ ಮಲಯಾಳಿ ನರ್ಸ್ ಬಾಗಿಲಲ್ಲೇ ನಿಂತು ಶಿಲುಬೆಯ ಗುರುತು ಮಾಡಿಕೊಂಡು ಮಾತ್ರೆಯ ಗಾಡಿ ತಳ್ಳಿಕೊಂಡು ಹೋದಳು. ಆಕೆಯ ಮಕ್ಕಳು ಕೋಟ್ಟಯದಲ್ಲಿದ್ದಾರೆ.

ಸಂಜೆ ದೇವಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ವರ್ಷವಿಡೀ ಕಾಣದವರು ಈ ಒಂದು ಸಂಜೆ ಬರುತ್ತಾರೆ. ಕೆಲವು ಹಿರಿಯ ವಿಶ್ವಾಸಿಗಳಿಗೆ ಇದರ ಬಗ್ಗೆ ಮುನಿಸಿದೆ. ನನಗಿಲ್ಲ, ಕುರುಬರೂ ಬೆತ್ಲೆಹೇಮಿನ ಆ ಕೊಟ್ಟಿಗೆಗೆ ಒಂದೇ ಸಲ ಹೋದದ್ದು. ಮಕ್ಕಳು ನಾಟಕವಾಡಿದರು. ಹನ್ನೊಂದು ವರ್ಷದ ಯೋಸೇಫನ ಗಡ್ಡ ಮೂರನೆಯ ದೃಶ್ಯದಲ್ಲಿ ಕಳಚಿಬಿತ್ತು. ಆಗ ಹೊಳೆಯಿತು: ಮಂಗಳೂರಿನಲ್ಲಾಗಲಿ ಇಲ್ಲಾಗಲಿ, ನಾನು ಕಂಡ ಯಾವ ಕ್ರಿಸ್‌ಮಸ್ ನಾಟಕದಲ್ಲಿಯೂ ಮುದುಕರಿಲ್ಲ. ಲೂಕನ ಸುವಾರ್ತೆಯ ಮೊದಲ ಎರಡು ಅಧ್ಯಾಯಗಳ ತುಂಬ ಇರುವವರು ಅವರೇ. ಮಾತು ಕಳೆದುಕೊಂಡ ಜಕರೀಯ, ಮುಪ್ಪಿನಲ್ಲಿ ಬಸಿರಾದ ಎಲಿಸಬೇತಳು, ಮಗುವನ್ನು ತೋಳಿನಲ್ಲಿ ತೆಗೆದುಕೊಂಡ ಸಿಮೆಯೋನ, ಎಂಬತ್ತನಾಲ್ಕರ ವಿಧವೆ ಅನ್ನಳು. ಕುರಿ, ಕತ್ತೆಗಳಿಗೆಲ್ಲ ಪಾತ್ರ ಕೊಟ್ಟು ಇವರನ್ನು ಬಿಟ್ಟಿದ್ದೇವೆ. ಮನೆಗೆ ಬಂದು, ಇಲ್ಲಿಯವರು ಆ ರಾತ್ರಿ ತಿನ್ನುವಂತೆ ಆಲೂಗಡ್ಡೆ ಸಲಾಡ್ ಮತ್ತು ಸಾಸೇಜ್ ತಿಂದೆವು. ಹಬ್ಬದ ರಾತ್ರಿಗೆ ಇಷ್ಟು ಸರಳ ಊಟವೇ ಎಂದು ಕೋರಿ ರೊಟ್ಟಿಯ ನಾಲಿಗೆ ಗೊಣಗಿತು.

25ರಂದು ಇಲ್ಲಿಯ ಕಾರು ಕಂಪನಿಗಳಲ್ಲಿ ದುಡಿಯುವ ಕೆಲವು ಕನ್ನಡದ ಹುಡುಗ ಹುಡುಗಿಯರು ಊಟಕ್ಕೆ ಬಂದಿದ್ದರು. ಹೆಚ್ಚಿನವರು ಹಿಂದೂಗಳು. ಚಿತ್ರಾನ್ನ ಮೊದಲು ಖಾಲಿಯಾಯಿತು.

ಸಿಮೆಯೋನ ಮತ್ತು ಅನ್ನಳ ಭಾಗವನ್ನು ಈ ದೇಶದ ಲುಥೆರನ್ ಸಭೆಗಳು ಓದುವುದು ಕ್ರಿಸ್‌ಮಸ್ ಮುಗಿದ ಮೇಲಿನ ಮೊದಲ ಭಾನುವಾರ. ಅಂದು ದೇವಾಲಯದಲ್ಲಿ ಯಾರೂ ಇರುವುದಿಲ್ಲ. ಯಾರೂ ಎಂದರೆ, ನಮ್ಮಂಥವರು ಮಾತ್ರ ಇರುತ್ತಾರೆ. ಸಭಾಪಾಲಕರು ದಣಿದು ರಜೆಯಲ್ಲಿದ್ದರು. ಪ್ರಸಂಗ ಯಜಮಾನರ ಪಾಲಿಗೆ ಬಂತು. ಹಿಂದಿನ ರಾತ್ರಿ ನಮ್ಮ ನಡುವೆ ಇದೇ ವಿಷಯಕ್ಕೆ ವಾದ ಹತ್ತಿಕೊಂಡಿತು. ಅವರು ಸಿಮೆಯೋನನ ಕಡೆಯವರು. ‘ನೋಡು, ಮಗುವನ್ನು ಕಂಡ, ಎತ್ತಿಕೊಂಡ, ಒಡೆಯನೇ ಇನ್ನು ಸಮಾಧಾನದಿಂದ ಹೋಗಲು ಅಪ್ಪಣೆ ಕೊಡು ಎಂದ. ನಮ್ಮ ವಯಸ್ಸಿಗೆ ಇದಕ್ಕಿಂತ ಒಳ್ಳೆಯ ಪ್ರಾರ್ಥನೆ ಯಾವುದು?’ ಎಂದರು.

‘ನೀವು ಎರಡೇ ವಚನ ಮುಂದಕ್ಕೆ ಹೋಗಿ ನಿಲ್ಲಬೇಡಿ, ಕೊನೆಯವರೆಗೆ ಓದಿ’ ಎಂದೆ ನಾನು. ಸಿಮೆಯೋನನ ಹಾಡನ್ನು ಲೂಕ ಪೂರ್ತಿ ಬರೆದುಕೊಂಡಿದ್ದಾನೆ. ಸಭೆಗಳು ಅದನ್ನು ಶತಮಾನಗಳಿಂದ ರಾತ್ರಿಯ ಪ್ರಾರ್ಥನೆಯಾಗಿ ಹಾಡುತ್ತಿವೆ. ಅನ್ನಳ ಬಾಯಿಂದ ಬಂದ ಒಂದು ಶಬ್ದವೂ ಉಳಿದಿಲ್ಲ. ಮದುವೆಯಾಗಿ ಏಳು ವರ್ಷಕ್ಕೆ ಗಂಡ ತೀರಿಕೊಂಡ, ದೇವಾಲಯವನ್ನು ಬಿಡದೆ ಉಪವಾಸ, ಪ್ರಾರ್ಥನೆ ಮಾಡುತ್ತಿದ್ದಳು, ಆ ಗಳಿಗೆಗೆ ಅಲ್ಲಿಗೆ ಬಂದಳು, ದೇವರನ್ನು ಕೊಂಡಾಡಿದಳು, ಬಿಡುಗಡೆಗಾಗಿ ಕಾದಿದ್ದವರೆಲ್ಲರಿಗೂ ಮಗುವಿನ ವಿಷಯ ಹೇಳಿದಳು. ಇಷ್ಟೇ. ಹೆಂಗಸಿನ ಮಾತು ಬರೆದಿಡದೆ ಹೋದದ್ದಕ್ಕೆ ಲೂಕನ ಮೇಲೆ ನನಗೆ ತುಸು ಸಿಟ್ಟಿದೆ, ಯೇಸುವಿನ ತಾಯಿ ಮರಿಯಳ ಹಾಡನ್ನು ಉಳಿಸಿಕೊಟ್ಟವನೂ ಅವನೇ ಆದ್ದರಿಂದ ಹೆಚ್ಚು ಬಯ್ಯುವಂತಿಲ್ಲ. ಆದರೆ ಗಮನಿಸಬೇಕಾದ್ದು ಇನ್ನೊಂದಿದೆ. ಆಕೆ ಅಪ್ಪಣೆ ಕೇಳಲಿಲ್ಲ. ಎಂಬತ್ತನಾಲ್ಕರಲ್ಲಿ ಮಗುವನ್ನು ಕಂಡವಳು ಇನ್ನು ಹೋಗುತ್ತೇನೆ ಎನ್ನಲಿಲ್ಲ, ಎದ್ದು ಜನರ ಬಳಿಗೆ ನಡೆದಳು.

ನನ್ನ ವಾದಕ್ಕೆ ಸಾಕ್ಷಿಯಾಗಿ ಕಿಟ್ಟೆಲ್ಲರನ್ನು ಕರೆದೆ. ಕನ್ನಡ ಟೀಚರಿಗೆ ಅವರು ಮನೆಯ ಹಿರಿಯರಿದ್ದಂತೆ. 1853ರಲ್ಲಿ ಬಂದವರು, ಯೇಸುವಿನ ಜೀವನವನ್ನು ಕನ್ನಡ ಛಂದಸ್ಸಿನಲ್ಲಿ ಹಾಡಾಗಿಸಿದವರು. ಊರಿಗೆ ಮರಳಿ ಕೆಲವು ವರ್ಷ ಕಳೆದ ಮೇಲೆ, 1883ರಲ್ಲಿ, ಐವತ್ತು ದಾಟಿದ ಮನುಷ್ಯ ಮತ್ತೆ ಕಡಲು ದಾಟಿ ಬಂದದ್ದು ನಿಘಂಟಿಗಾಗಿ. ಅದು ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಸುಮಾರು 70,000 ಶಬ್ದಗಳು. ಅವರು ತೀರಿಕೊಂಡದ್ದು ಇದೇ ರೈಲುದಾರಿಯ ಕೊನೆಯ ಟ್ಯೂಬಿಂಗೆನ್‌ನಲ್ಲಿ, 1903ರ ಕ್ರಿಸ್‌ಮಸ್‌ಗೆ ಒಂದು ವಾರ ಇರುವಾಗ. ‘ಅವರು ಐವತ್ತಕ್ಕೇ ಅಪ್ಪಣೆ ಕೇಳಿದ್ದರೆ ನನ್ನ ಮೇಜಿನ ಮೇಲೆ ಆ ನಿಘಂಟು ಇರುತ್ತಿತ್ತೇ?’ ಎಂದೆ. ಯಜಮಾನರು ಉತ್ತರಿಸದೆ ಕನ್ನಡಕ ಒರೆಸಿಕೊಂಡರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇದು ಸೋಲೊಪ್ಪಿಕೊಂಡ ಗುರುತು.

ಭಾನುವಾರ ಬೆಳಿಗ್ಗೆ ಮಂಜು ಸುರಿದಿತ್ತು. ಹದಿನೈದು ಜನರಿದ್ದರೇನೋ. ಯಜಮಾನರು ಸಿಮೆಯೋನನ ಬಗ್ಗೆ ಚೆನ್ನಾಗಿ ಮಾತನಾಡಿದರು. ಆಮೇಲೆ ಕೊನೆಯ ಹಾಳೆ ತಿರುಗಿಸಿ ಅನ್ನಳ ಬಗ್ಗೆ ಹೇಳತೊಡಗಿದರು. ರಾತ್ರಿ ನಾನು ಮಲಗಿದ ಮೇಲೆ ಸೇರಿಸಿದ ಹಾಳೆ. ವ್ಯಾಕರಣ ಅಲ್ಲಲ್ಲಿ ತಪ್ಪಿತು, ಯಾರೂ ಲೆಕ್ಕಿಸಲಿಲ್ಲ. ಬಿಸ್ಕತ್ತಿನ ಅಡಿ ನೋಡುತ್ತಿದ್ದ ಮುದುಕಿ ಬಾಗಿಲಲ್ಲಿ ನನ್ನ ಕೈಹಿಡಿದು, ವೃದ್ಧಾಶ್ರಮಕ್ಕೆ ಮುಂದಿನ ವಾರ ತಾನೂ ಬರಬಹುದೇ ಎಂದು ಕೇಳಿದಳು.

ನಮ್ಮ ಅವಧಿ ಬೇಸಿಗೆಗೆ ಮುಗಿಯುತ್ತದೆ. ಇನ್ನೊಂದು ವರ್ಷ ಉಳಿಯುವಿರಾ ಎಂದು ಸಭೆಯವರು ಕೇಳಿದ್ದಾರೆ. ಪ್ರಾರ್ಥಿಸಿ ತಿಳಿಸುತ್ತೇವೆ ಎಂದು ಯಜಮಾನರು ಉತ್ತರ ಬರೆದಿದ್ದಾರೆ. ನಾನು ಮಗನಿಗೆ ಫೋನ್ ಮಾಡಿ, ಈ ಕಡೆಗೆ ಬರುವವರು ಯಾರಾದರೂ ಇದ್ದರೆ ಮುಂದಿನ ಡಿಸೆಂಬರಿಗೆ ಎರಡು ಕಿಲೋ ಅಕ್ಕಿಹಿಟ್ಟು, ಒಂದಿಷ್ಟು ಹುರಿದ ಉದ್ದಿನ ಹಿಟ್ಟು ಕಳುಹಿಸಲು ಹೇಳಿದ್ದೇನೆ.