ದರಗಿನ ಮೇಲೆ ಹತ್ತು ನಿಮಿಷ

ಹೊರಾಂಗಣ ಕಲಿಕೆ ತರಬೇತಿಯ ಸುತ್ತೋಲೆ ಬಂದಿದೆ. ಈ ವರ್ಷವೂ ಫೆಬ್ರವರಿ ಮೂರನೇ ವಾರ. ಓದಿದ ಕೂಡಲೇ ನನಗೆ ಮೊಣಕಾಲಿನ ಹಿಂದೆ ತುರಿಕೆ ಶುರುವಾಯ್ತು.

ಹೋದ ವರ್ಷ ಎರಡು ದಿನದ ತರಬೇತಿ, 36 ಜನ ಶಿಕ್ಷಕರು, ತರಬೇತಿ ಕೊಡುವ ಆರ್‌ಪಿ ನಾನು. ಮೊದಲ ದಿನ ಶಿವಮೊಗ್ಗ ಪೇಟೆ, ಮರುದಿನ ಸಾಗರದ ಕಡೆಯ ಒಂದು ಕಾನು. ಪೇಟೆಯದ್ದು ಬರೀ ಉಪ್ಪಿನಕಾಯಿ, ಊಟ ಇರೋದು ಕಾಡಿನಲ್ಲಿ ಅಂದುಕೊಂಡಿದ್ದೆ. ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿದರೆ ತುಂಗೆ ತುಂಬಿದಳು ಅಂತ ಇಡೀ ಊರಿಗೇ ಗೊತ್ತು. ಅದರ ಎತ್ತರ ಎಷ್ಟು ಅಂತ ಕೇಳಿದೆ, ಅಷ್ಟೆ. ಕೋನಮಾಪಕಕ್ಕೆ ದಾರ ಕಟ್ಟಿ, ಕಲ್ಲು ತೂಗಿಬಿಟ್ಟು, ಹತ್ತು ಮೀಟರ್ ಹಿಂದೆ ಸರಿದು ಮತ್ತೊಮ್ಮೆ ನೋಡಿ, ಮೂರು ಗುಂಪು ಮೂರು ಉತ್ತರ ತಂದವು. ಜಗಳ ಟೀ ಬಂದರೂ ನಿಲ್ಲಲಿಲ್ಲ. ತರಬೇತಿ ಅಲ್ಲಿಗೇ ಮುಗಿದಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ಕಾಡಿನ ದಿನಕ್ಕೆ ಮಾಡ್ಯೂಲಿನಲ್ಲಿ 'ಮೌನದ ಜಾಗ' ಅಂತೊಂದು ಚಟುವಟಿಕೆ. ಒಬ್ಬೊಬ್ಬರೂ ಒಂದೊಂದು ಮರದ ಬುಡದಲ್ಲಿ ಕಣ್ಣು ಮುಚ್ಚಿ ಹತ್ತು ನಿಮಿಷ ಕೂತು, ಕೇಳಿಸಿದ್ದನ್ನು ಆಮೇಲೆ ಬರೆಯಬೇಕು. ಅದನ್ನು ಬರೆದವರು ಯಾವ ಎ.ಸಿ. ರೂಮಿನಲ್ಲಿ ಕೂತಿದ್ದರೋ. ನಾನು ಹೇಳಿ ಮುಗಿಸುವಷ್ಟರಲ್ಲಿ ಸೊರಬದ ಕಡೆಯ ಒಬ್ಬರು ಮೇಡಂ, "ಸರ್, ದರಗಿನ ಮೇಲೆ ಕೂರೋದು ಬೇಡ. ಈಗ ಉಣುಗಿನ ಕಾಲ" ಅಂದರು. ದರಗು ಅಂದರೆ ಉದುರಿದ ಒಣ ಎಲೆ, ಉಣುಗು ಅಂದರೆ ರಕ್ತ ಹೀರುವ ಉಣ್ಣೆ. ಸೀರೆ ಮಣ್ಣಾಗುತ್ತೆ ಅಂತ ನೆಪ ಹುಡುಕುತ್ತಿದ್ದಾರೆ ಅನ್ನಿಸಿತು ನನಗೆ. "ಹತ್ತೇ ನಿಮಿಷ ಮೇಡಂ" ಅಂದು ನಕ್ಕೆ. ಆ ನಗು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತೆ.

ಮಂಗನ ಕಾಯಿಲೆ ನನಗೆ ಗೊತ್ತಿರಲಿಲ್ಲ ಅಂತಲ್ಲ. ಅದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ, ಉಣುಗು ಕಚ್ಚಿ ಹರಡುವ ಕಾಯಿಲೆ. ಚಳಿಗಾಲದಿಂದ ಮಳೆ ಬೀಳುವ ತನಕ ಉಣುಗಿನ ಮರಿಗಳು ದರಗಿನಲ್ಲಿ ಕಾಯುತ್ತಿರುತ್ತವೆ, ಮಂಗ ಸತ್ತರೆ ಅದರ ಮೈಮೇಲಿನವು ಇಳಿದು ಸುತ್ತ ಹರಡುತ್ತವೆ. ಎಲ್ಲ ಸ್ಲೈಡಿನಲ್ಲಿ ಹಾಕಿದ್ದೆ. ದಾವಣಗೆರೆ ಕಡೆಯವನಿಗೆ ಅದು ಸ್ಲೈಡಿನಲ್ಲೇ ಇತ್ತು.

ಆರನೇ ನಿಮಿಷಕ್ಕೆ ವಾಸನೆ ಬಂತು. ಆಮೇಲೆ ನೊಣದ ಸದ್ದು. ಪೊದೆಯ ಹಿಂದೆ ಮಂಗವೊಂದು ಬಾಲ ಚಾಚಿಕೊಂಡು ಬಿದ್ದಿತ್ತು. "ಸರ್, ಮುಸಿಯ ಸತ್ತಿದೆ." ಯಾರೂ ಕಿರುಚಲಿಲ್ಲ. ಮಲೆನಾಡಿನವರೆಲ್ಲ ಬೆಲ್ ಹೊಡೆದ ಹಾಗೆ ಒಟ್ಟಿಗೆ ಎದ್ದರು. ಕಣ್ಣು ಮುಚ್ಚಿಕೊಂಡೇ ಇದ್ದವರು ಬಯಲುಸೀಮೆಯ ನಾಲ್ಕು ಜನ. ನಾನು ಮಾಡ್ಯೂಲ್ ಹಿಡಿದುಕೊಂಡು ನಿಂತೇ ಇದ್ದೆ, ಅದರಲ್ಲಿ ಮುಂದೇನು ಅಂತ ಇದೆಯೋ ಎಂಬಂತೆ. ಮೇಡಂ ನನ್ನನ್ನು ಕೇಳಲೂ ಇಲ್ಲ. ಎಲ್ಲರನ್ನೂ ಟಾರು ರಸ್ತೆಗೆ ಅಟ್ಟಿದರು, ಕಾಲುಚೀಲ, ಕುತ್ತಿಗೆ, ಸೊಂಟದ ಪಟ್ಟಿ ನೋಡಿಕೊಳ್ಳಿ ಅಂದರು, ಪರಿಚಯದ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದರು. ಸಿಕ್ಕಿದ್ದು ಒಂದೇ ಉಣುಗು. ರಾಗಿ ಕಾಳಿನಷ್ಟಿತ್ತು, ನನ್ನ ಮೊಣಕಾಲಿನ ಹಿಂದೆ. "ಕೈಯಲ್ಲಿ ಹಿಚುಕಬೇಡಿ ಸರ್" ಅಂತ ಹುಬ್ಬು ಕೀಳೋ ಚಿಮುಟದಲ್ಲಿ ಅದನ್ನು ಕಿತ್ತರು. ಇಲಾಖೆ ಕೊಟ್ಟ ಪ್ರಥಮ ಚಿಕಿತ್ಸೆ ಡಬ್ಬಿಯಲ್ಲಿ ಹತ್ತಿ ಮತ್ತು ಡೆಟಾಲ್ ಇತ್ತು. ಉಣುಗು ಹತ್ತದ ಹಾಗೆ ಮೈಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ ಇರಲಿಲ್ಲ. ನಾನು ಕೇಳಿರಲೂ ಇಲ್ಲ.

ಜ್ವರ ಬರುವುದಾದರೆ ಮೂರರಿಂದ ಎಂಟು ದಿನ. ದಿನಾ ಬೆಳಿಗ್ಗೆ ಗ್ರೂಪಿನಲ್ಲಿ "ಎಲ್ಲರೂ ಆರಾಮಾ?" ಅಂತ ಕೇಳುತ್ತಿದ್ದೆ, 36 ಹೆಬ್ಬೆರಳು ಎಣಿಸುತ್ತಿದ್ದೆ. ಐದನೇ ದಿನ 35. ಹೊಸನಗರದ ಮೇಷ್ಟ್ರೊಬ್ಬರಿಗೆ ಜ್ವರ, ತಲೆನೋವು. ರಕ್ತದ ರಿಪೋರ್ಟ್ ನೆಗೆಟಿವ್ ಅಂತ ಬರುವ ತನಕ ನನಗೆ ಅನ್ನ ಇಳಿಯಲಿಲ್ಲ. ಫೀಡ್‌ಬ್ಯಾಕ್ ಫಾರ್ಮ್‌ಗಳಲ್ಲಿ ಮಾತ್ರ ಎಲ್ಲರೂ 'ಅತ್ಯುತ್ತಮ' ಅಂತ ಟಿಕ್ ಹಾಕಿದ್ದರು!

ಕಾಡಿನ ದಿನವನ್ನು ಮಳೆ ಶುರುವಾದ ಮೇಲೆ ಇಡಿ ಅಂತ ಮೇಲಿನವರಿಗೆ ಬರೆದೆ. ಮಳೆಗಾಲದಲ್ಲಿ ಉಂಬಳ, ಅಂದರೆ ಜಿಗಣೆ, ಹತ್ತುತ್ತೆ ನಿಜ, ಅದು ರಕ್ತ ಕುಡಿದು ತಾನೇ ಉದುರುತ್ತೆ. ಅನುದಾನ ಮಾರ್ಚ್ ಒಳಗೆ ಖರ್ಚಾಗಿ ಬಳಕೆ ಪ್ರಮಾಣಪತ್ರ (ಯು.ಸಿ.) ಹೋಗಬೇಕು ಅಂತ ಉತ್ತರ ಬಂತು.

ಹಾಗಾಗಿ ಈ ಸಲ ಎರಡೂ ದಿನ ಪೇಟೆಯಲ್ಲೇ. ತುಂಗೆಯ ದಡ, ಗಾಂಧಿ ಬಜಾರು, ಮತ್ತೆ ಶಾಲೆಯ ಕಾಂಪೌಂಡು. ಇನ್ನೊಬ್ಬ ಆರ್‌ಪಿ ಬೇಕಿತ್ತು, ಮೇಡಂಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, "ಆ ಎರಡು ದಿನ ರಜೆ ಅಂತಾಗದ ಹಾಗೆ ಓಓಡಿ ಕೊಡಿಸ್ತೀರಾ ಸರ್?" ಅಂದರು.